ಸಿಂಫನಿ ಕೋರಸ್ ಸೀಸನ್: ಪಟ್ಟಿ ಓದುವುದರಿಂದ ಸಭಾಂಗಣದವರೆಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮಗಳು ಅಮೆರಿಕದಲ್ಲಿದ್ದಾಳೆ, ಆರು ತಿಂಗಳು ಅಲ್ಲೇ ಇರುತ್ತೇವೆ, ಅಲ್ಲಿನ ಸಿಂಫನಿ ಕೋರಸ್‌ನ, ಅಂದರೆ ಪಾಶ್ಚಾತ್ಯ ವಾದ್ಯತಂಡದ ಜೊತೆ ಹಾಡುವ ಗಾಯಕರ ಗುಂಪಿನ, ಮುಂದಿನ ಸೀಸನ್‌ನ ಕಾರ್ಯಕ್ರಮ ಪಟ್ಟಿ ಕಳಿಸಿದ್ದಾಳೆ, ಯಾವುದಕ್ಕೆ ಹೋಗಬೇಕು? ಮುಂಬೈಗೆ ಹೋಗಿ ಕೇಳಬಹುದಾ? ಮನೆಯಲ್ಲೇ ಕೂತು ನೇರಪ್ರಸಾರ ನೋಡಿದರೆ ಸಾಕಾ? ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗೆ ಇದೆಲ್ಲ ಹತ್ತುತ್ತದಾ?

ಹತ್ತುತ್ತದೆ, ಖಂಡಿತ. ನನ್ನದು ಒಂದೇ ಸಲಹೆ. ಇಡೀ ಸೀಸನ್ ಕೇಳುವ ಆಸೆ ಬಿಡಿ. ಒಂದು ಕೃತಿ ಆರಿಸಿಕೊಳ್ಳಿ, ಒಂದು ತಿಂಗಳು ಅದನ್ನೇ ಕೇಳಿ, ಆಮೇಲೆ ಹೋಗಿ. ಹೀಗೆ ಹೋದವರು ಮುಂದಿನ ವರ್ಷ ತಾವೇ ಪಟ್ಟಿ ಹುಡುಕುತ್ತಾರೆ. ಸುಮ್ನೆ ಹೋಗಿ ಕೂತವರು ಅರ್ಧಕ್ಕೇ ಗಡಿಯಾರ ನೋಡುತ್ತಾರೆ.

ಬೇಕಾಗುವುದು ಇಷ್ಟು: ಒಂದು ಒಳ್ಳೆಯ ಹೆಡ್‌ಫೋನ್, ಕೃತಿಯ ಸಾಹಿತ್ಯದ ಪ್ರಿಂಟ್, ಕ್ಯಾಲೆಂಡರ್, ಸ್ವಲ್ಪ ತಾಳ್ಮೆ. ಸ್ಟಾಫ್ ನೋಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆಯುವ ಸ್ವರಲಿಪಿ, ಗೊತ್ತಿರಬೇಕಾಗಿಲ್ಲ.

1. ಮೊದಲು ಪಟ್ಟಿಯನ್ನು ಸರಿಯಾಗಿ ಓದಿ

ಅಮೆರಿಕ, ಯುರೋಪಿನಲ್ಲಿ ಸೀಸನ್ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಮೇ-ಜೂನ್‌ಗೆ ಮುಗಿಯುತ್ತದೆ. ಪಟ್ಟಿ ಮಾತ್ರ ಎಷ್ಟೋ ತಿಂಗಳು ಮೊದಲೇ ಬರುತ್ತದೆ. ಸಿಂಫನಿ ಆರ್ಕೆಸ್ಟ್ರಾ ಅಂದರೆ ವಯಲಿನ್ ಕುಟುಂಬದ ವಾದ್ಯಗಳು, ಕೊಳಲಿನಂಥ ಊದುವ ವಾದ್ಯಗಳು, ಹಿತ್ತಾಳೆಯ ತುತ್ತೂರಿಗಳು, ಡೋಲುಗಳು ಸೇರಿದ ದೊಡ್ಡ ತಂಡ. ಗಣೇಶ ಹಬ್ಬಕ್ಕೆ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಬೇರೆ. ಸಿಂಫನಿ ಕೋರಸ್ ಅಂದರೆ ಆ ತಂಡದ ಜೊತೆ ಹಾಡುವ ಗಾಯಕರ ಗುಂಪು. ನೂರು, ನೂರೈವತ್ತು ಜನ ಇರುವುದು ಸಾಮಾನ್ಯ. ಬಹಳಷ್ಟು ಕೋರಸ್‌ಗಳಲ್ಲಿ ಇವರು ಸಂಬಳವಿಲ್ಲದೆ ಹಾಡುವವರು. ಹಗಲು ಬೇರೆ ಕೆಲಸ, ವಾರಕ್ಕೊಂದು ಸಂಜೆ ತಾಲೀಮು. ಅವರನ್ನು ತಿಂಗಳುಗಟ್ಟಲೆ ತಯಾರು ಮಾಡುವವರು ಕೋರಸ್ ಡೈರೆಕ್ಟರ್. ವೇದಿಕೆಯ ಮೇಲೆ ಕೈ ಆಡಿಸುವ ಕಂಡಕ್ಟರ್ ಸಾಮಾನ್ಯವಾಗಿ ಕೊನೆಯ ಕೆಲವು ದಿನ ಮಾತ್ರ ಇವರೊಂದಿಗೆ ಕೆಲಸ ಮಾಡುತ್ತಾರೆ.

ಆರ್ಕೆಸ್ಟ್ರಾದ ಪಟ್ಟಿಯಲ್ಲಿರುವ ಎಲ್ಲ ಕಾರ್ಯಕ್ರಮಕ್ಕೂ ಕೋರಸ್ ಇರುವುದಿಲ್ಲ. ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. ಕಲಾವಿದರ ಹೆಸರಿನ ಸಾಲಿನಲ್ಲಿ ‘ಕೋರಸ್’ ಅಥವಾ ‘ಕ್ವಾಯರ್’ ಇದೆಯೇ ನೋಡಿ. ಇಲ್ಲದಿದ್ದರೆ ಅದು ಬರೀ ವಾದ್ಯಗಳದ್ದು.

ಇನ್ನೊಂದಿಷ್ಟು ಪದಗಳು ಬರುತ್ತವೆ. ಒರಟೋರಿಯೊ ಎಂದರೆ ಕಥೆಯಿರುವ ದೊಡ್ಡ ಗಾಯನಕೃತಿ, ಆದರೆ ವೇಷ, ಅಭಿನಯ ಇರುವುದಿಲ್ಲ. ರೆಕ್ವಿಯಮ್ ಎಂದರೆ ತೀರಿಕೊಂಡವರಿಗಾಗಿ ಮಾಡುವ ಪ್ರಾರ್ಥನೆಯ ಸಂಗೀತ. ಆ ಕಪೆಲ್ಲಾ ಎಂದಿದ್ದರೆ ವಾದ್ಯವಿಲ್ಲದೆ ಬರೀ ಕಂಠ. ಮೂವ್‌ಮೆಂಟ್ ಎಂದರೆ ಕೃತಿಯ ಒಂದೊಂದು ಭಾಗ. ಸೋಲೋಯಿಸ್ಟ್‌ಗಳು ಮುಂದೆ ನಿಂತು ಒಬ್ಬೊಬ್ಬರೇ ಹಾಡುವವರು, ಸಾಮಾನ್ಯವಾಗಿ ನಾಲ್ಕು ಜನ.

2. ಒಂದೇ ಒಂದು ಕೃತಿ ಆರಿಸಿ

ಕೋರಸ್ ಸೀಸನ್‌ಗಳಲ್ಲಿ ಕೆಲವು ಕೃತಿಗಳು ತಿರುತಿರುಗಿ ಬರುತ್ತಲೇ ಇರುತ್ತವೆ. ಹೊಸಬರಿಗೆ ಯಾವುದು ಒಗ್ಗುತ್ತದೆ ಎಂಬುದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ.

ಮೊದಲ ಸಲಕ್ಕೆ ಸಂಗೀತ ಸಂಯೋಜಕ ಹ್ಯಾಂಡಲ್‌ನ ‘ಮೆಸ್ಸಾಯ’. ಇದು ಒರಟೋರಿಯೊ. 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ ಮೊದಲು ಹಾಡಿದರು. ಜನ ಎಷ್ಟು ಬರುವ ನಿರೀಕ್ಷೆಯಿತ್ತೆಂದರೆ, ಜಾಗ ಸಾಲಲಿ ಎಂದು ಹೆಂಗಸರು ಲಂಗದ ಒಳಗೆ ಅಗಲವಾದ ಬಳೆಯಂಥ ಚೌಕಟ್ಟು ಹಾಕದೆ, ಗಂಡಸರು ಖಡ್ಗ ಕಟ್ಟದೆ ಬರಬೇಕೆಂದು ಮೊದಲೇ ತಿಳಿಸಿದ್ದರು. ಸಾಹಿತ್ಯ ಇಂಗ್ಲಿಷ್‌ನಲ್ಲಿದೆ, ಹಾಗಾಗಿ ಅರ್ಥಕ್ಕೆ ಪರದಾಡಬೇಕಿಲ್ಲ. ಭಾಗಗಳು ಚಿಕ್ಕಚಿಕ್ಕವು. ಡಿಸೆಂಬರ್‌ನಲ್ಲಿ ಜಗತ್ತಿನ ಎಷ್ಟೋ ಊರುಗಳಲ್ಲಿ ಇದು ಇದ್ದೇ ಇರುತ್ತದೆ. ಪೂರ್ತಿ ಹಾಡಿದರೆ ಎರಡೂವರೆ ಗಂಟೆ ಹತ್ತಿರ ಆಗುತ್ತದೆ. ಬಹಳ ಕಡೆ ಕತ್ತರಿಸಿ ಹಾಡುತ್ತಾರೆ.

ಜೋರು, ಅಬ್ಬರ ಇಷ್ಟವಿದ್ದವರಿಗೆ ಕಾರ್ಲ್ ಓರ್ಫ್‌ನ ‘ಕಾರ್ಮಿನಾ ಬುರಾನಾ’. 1937ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮೊದಲ ಪ್ರಯೋಗ. ಒಂದು ಗಂಟೆಯ ಕೃತಿ, ತಾಳ ಬಲವಾಗಿದೆ, ಒಂದೇ ಸಾಲನ್ನು ತಿರುತಿರುಗಿ ಹಾಡುತ್ತಾರೆ. ಮಕ್ಕಳ ಕೋರಸ್ ಕೂಡ ಇದೆ. ಇದನ್ನು ಭಕ್ತಿಸಂಗೀತ ಎಂದುಕೊಂಡು ಹೋಗಬೇಡಿ. ಮಧ್ಯಯುಗದ ಹಸ್ತಪ್ರತಿಯೊಂದರಿಂದ ಆರಿಸಿದ ಈ ಪದಗಳಲ್ಲಿ ಅದೃಷ್ಟ, ವಸಂತ, ಪ್ರೇಮ, ಹೆಂಡದಂಗಡಿ ಎಲ್ಲವೂ ಇವೆ.

ಬೀಥೋವನ್‌ನ ಒಂಬತ್ತನೇ ಸಿಂಫನಿ (ವಿಯೆನ್ನಾ, 1824ರ ಮೇ 7) ಹೆಸರು ಕೇಳಿ ಟಿಕೆಟ್ ತೆಗೆಯುವವರು ಜಾಸ್ತಿ. ಕೃತಿ ಅದ್ಭುತ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಕೋರಸ್ ಹಾಡುವುದು ನಾಲ್ಕನೆಯ, ಅಂದರೆ ಕೊನೆಯ ಭಾಗದಲ್ಲಿ ಮಾತ್ರ. ಅಲ್ಲಿಯವರೆಗೆ ಮುಕ್ಕಾಲು ಗಂಟೆ ಬರೀ ವಾದ್ಯ. ಕೋರಸ್‌ಗಾಗಿಯೇ ಹೋಗುವವರಿಗೆ ಇದು ಮೊದಲ ಆಯ್ಕೆ ಆಗಬಾರದು.

ಎರಡನೇ ವರ್ಷಕ್ಕೆ ರೆಕ್ವಿಯಮ್‌ಗಳು. ಮೊಜಾರ್ಟ್‌ನದು ಒಂದು ಗಂಟೆಯೊಳಗೆ ಮುಗಿಯುತ್ತದೆ. 1791ರಲ್ಲಿ ಅವನು ತೀರಿಕೊಂಡಾಗ ಅದು ಅರ್ಧಕ್ಕೇ ನಿಂತಿತ್ತು, ಸ್ಯೂಸ್‌ಮಾಯರ್ ಎಂಬುವನು ಪೂರ್ತಿ ಮಾಡಿದ. ವೆರ್ದಿಯದು ಹತ್ತಿರ ಒಂದೂವರೆ ಗಂಟೆ. ಲೇಖಕ ಮಾನ್ಝೋನಿ ತೀರಿಕೊಂಡು ವರ್ಷ ತುಂಬಿದ ದಿನ, 1874ರ ಮೇ 22ರಂದು, ಮಿಲಾನ್‌ನ ಚರ್ಚೊಂದರಲ್ಲಿ ಮೊದಲು ಹಾಡಿದ್ದು. ಈ ಎರಡಕ್ಕೂ ಲ್ಯಾಟಿನ್ ಪ್ರಾರ್ಥನೆಯ ಸಾಹಿತ್ಯ ಬಹುಪಾಲು ಒಂದೇ. ಒಮ್ಮೆ ಕಲಿತರೆ ಎರಡು ಕಡೆ ಉಪಯೋಗ. ಬ್ರಾಮ್ಸ್‌ನ ‘ಜರ್ಮನ್ ರೆಕ್ವಿಯಮ್’ ಬೇರೆ ತರಹದ್ದು. ಲ್ಯಾಟಿನ್ ಬಿಟ್ಟು ಜರ್ಮನ್ ಬೈಬಲ್‌ನಿಂದ ತಾನೇ ವಾಕ್ಯ ಆರಿಸಿದ. ಸತ್ತವರಿಗಿಂತ ಉಳಿದವರಿಗೆ ಸಾಂತ್ವನ ಹೇಳುವ ಕೃತಿ ಅದು. ಅದರ ಮೊದಲ ಭಾಗದಲ್ಲಿ ವಯಲಿನ್‌ಗಳು ಒಂದು ಸ್ವರವನ್ನೂ ನುಡಿಸುವುದಿಲ್ಲ. ಕೆಳಗಿನ ವಾದ್ಯಗಳ ಮಬ್ಬಿನಿಂದಲೇ ಕೋರಸ್ ಮೆಲ್ಲಗೆ ಮೇಲೇಳುತ್ತದೆ. ನನಗೆ ಬಹಳ ಪ್ರೀತಿಯ ಕೃತಿ. ಆದರೂ ಮೊದಲ ಸಲಕ್ಕೆ ಇದನ್ನು ಹೇಳುವುದಿಲ್ಲ.

3. ಮನೆಯಲ್ಲಿ ಒಂದು ತಿಂಗಳು ಕೇಳಿ

ಈ ಹಂತ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ನಿಧಾನವಾಗಿ ಓದಿ.

ನಮ್ಮ ಕಿವಿ ಹೇಗೆ ತಯಾರಾಗಿದೆ ನೋಡಿ. ತಂಬೂರಿ ಒಂದು ಷಡ್ಜವನ್ನು ಹಿಡಿದು ನಿಲ್ಲಿಸುತ್ತದೆ. ಗಾಯಕರು ಮಲ್ಲಿಕಾರ್ಜುನ ಮನ್ಸೂರರಿರಲಿ, ಗಂಗೂಬಾಯಿ ಹಾನಗಲ್ಲರಿರಲಿ, ಒಂದೇ ದನಿಯ ಹಿಂದೆ ನಾವು ಹೋಗುತ್ತೇವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಮಕ್ಕಳು ಒಟ್ಟಿಗೆ ಪ್ರಾರ್ಥನೆ ಹಾಡುವಾಗಲೂ ಎಲ್ಲರ ಬಾಯಲ್ಲೂ ಒಂದೇ ಸ್ವರ. ಸಿಂಫನಿ ಕೋರಸ್‌ನಲ್ಲಿ ಒಂದೇ ಹೊತ್ತಿಗೆ ನಾಲ್ಕು ದನಿ ನಾಲ್ಕು ಬೇರೆ ಸ್ವರಗಳಲ್ಲಿ ಹೋಗುತ್ತವೆ. ಮೇಲಿನ ಹೆಣ್ಣುದನಿ ಸೊಪ್ರಾನೊ, ಕೆಳಗಿನ ಹೆಣ್ಣುದನಿ ಆಲ್ಟೊ, ಮೇಲಿನ ಗಂಡುದನಿ ಟೆನರ್, ಕೆಳಗಿನ ಗಂಡುದನಿ ಬಾಸ್. ಅದರ ಮೇಲೆ ಷಡ್ಜವೂ ನಿಂತಲ್ಲಿ ನಿಲ್ಲುವುದಿಲ್ಲ, ಹಾಡಿನ ನಡುವೆಯೇ ಜಾಗ ಬದಲಿಸುತ್ತದೆ. ಇದಕ್ಕೆ ಮಾಡ್ಯುಲೇಶನ್ ಎನ್ನುತ್ತಾರೆ. ಧಾರವಾಡದ ಕಿವಿ ಸೋಲುವುದು ಇಲ್ಲೇ. ಮನಸ್ಸಿನಲ್ಲಿ ಷಡ್ಜ ಹಿಡಿದು ಕೂತರೆ ಎರಡು ನಿಮಿಷಕ್ಕೆ ಎಲ್ಲ ಅಪಸ್ವರ ಅನಿಸತೊಡಗುತ್ತದೆ. ಷಡ್ಜ ಬಿಟ್ಟುಬಿಡಿ. ಅದರ ಬದಲು ಎಲ್ಲಕ್ಕಿಂತ ಕೆಳಗಿನ ದನಿಯನ್ನು, ಬಾಸ್ ಅನ್ನು, ಹಿಡಿಯಿರಿ. ಅದು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಉಳಿದವರೂ ಹೋಗುತ್ತಾರೆ.

ಅಭ್ಯಾಸಕ್ಕೆ ‘ಮೆಸ್ಸಾಯ’ದ ‘ಹಲ್ಲೆಲೂಯ’ ಕೋರಸ್ ತೆಗೆದುಕೊಳ್ಳಿ. ನಾಲ್ಕು ನಿಮಿಷದ್ದು. ಕೃತಿಯ ಎರಡನೇ ಭಾಗದ ಕೊನೆಯಲ್ಲಿ ಬರುತ್ತದೆ. ಹೀಗೆ ಕೇಳಿ:

ಮೊದಲ ವಾರ ಬರೀ ಕೇಳಿ. ಪೇಪರ್ ಬೇಡ, ಫೋನ್ ಬೇಡ.

ಎರಡನೇ ವಾರ ಸಾಹಿತ್ಯ ಕೈಯಲ್ಲಿರಲಿ. ‘ಆ್ಯಂಡ್ ಹಿ ಶಲ್ ರೇನ್ ಫಾರ್ ಎವರ್ ಆ್ಯಂಡ್ ಎವರ್’ ಎಂಬ ಸಾಲು ಬಂದಾಗ ಎಚ್ಚರವಾಗಿರಿ. ಆ ಸಾಲನ್ನು ಮೊದಲು ಬಾಸ್‌ಗಳು ಮಾತ್ರ ಹಾಡುತ್ತಾರೆ. ಅದೇ ಸಾಲು ಹಿಡಿದು ಟೆನರ್ ಬರುತ್ತದೆ, ಆಮೇಲೆ ಆಲ್ಟೊ, ಕೊನೆಗೆ ಸೊಪ್ರಾನೊ. ಬಾಸ್ ಅಷ್ಟರಲ್ಲಿ ಬೇರೇನೋ ಹಾಡುತ್ತಿರುತ್ತದೆ. ಒಂದು ಸಾಲು ಹೀಗೆ ಒಂದರ ಹಿಂದೆ ಒಂದು ದನಿಗೆ ದಾಟುತ್ತಾ ಹೆಣೆದುಕೊಳ್ಳುವ ರೀತಿಗೆ ಫ್ಯೂಗ್ ಎನ್ನುತ್ತಾರೆ. ಬೆರಳು ಮಡಚಿ ಎಣಿಸಿ: ಬಾಸ್, ಟೆನರ್, ಆಲ್ಟೊ, ಸೊಪ್ರಾನೊ. ನಾಲ್ಕೂ ಸಿಕ್ಕ ದಿನ ನಿಮ್ಮ ಕಿವಿ ತೆರೆದಿದೆ ಎಂದುಕೊಳ್ಳಿ.

ಮೂರನೇ ವಾರ ‘ಕಿಂಗ್ ಆಫ್ ಕಿಂಗ್ಸ್’ ಭಾಗ. ಸೊಪ್ರಾನೊಗಳು ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು ನಿಲ್ಲುತ್ತಾರೆ, ಕೆಳಗಿನವರು ‘ಫಾರ್ ಎವರ್’, ‘ಹಲ್ಲೆಲೂಯ’ ಎಂದು ಒತ್ತಿ ಒತ್ತಿ ಹಾಡುತ್ತಾರೆ. ಆಮೇಲೆ ಆ ಉದ್ದ ಸ್ವರ ಒಂದು ಮೆಟ್ಟಿಲು ಮೇಲೇರುತ್ತದೆ, ಮತ್ತೊಂದು, ಮತ್ತೊಂದು. ಬೈಠಕ್‌ನಲ್ಲಿ ತಾರಷಡ್ಜದ ಮೇಲೆ ನಿಂತ ಗಾಯಕರನ್ನು ಕೇಳಿದವರಿಗೆ ಈ ಸುಖ ಹೊಸದಲ್ಲ.

ನಾಲ್ಕನೇ ವಾರ ಇಡೀ ಕೃತಿ, ಎರಡು-ಮೂರು ಕಂತಿನಲ್ಲಿ.

ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಬಾಸ್ ದನಿ ಅದರಲ್ಲಿ ಸತ್ತೇ ಹೋಗುತ್ತದೆ. ವಾಲ್ಯೂಮ್ ವಿಷಯದಲ್ಲೂ ಹುಷಾರು. ವೆರ್ದಿಯ ರೆಕ್ವಿಯಮ್ ಪಿಸುಮಾತಿನಂತೆ ಶುರುವಾಗುತ್ತದೆ. ಕೇಳಿಸುತ್ತಿಲ್ಲ ಎಂದು ದನಿ ಏರಿಸಿಟ್ಟರೆ, ಎರಡನೇ ಭಾಗ ‘ದಿಯೆಸ್ ಈರೇ’ ಬಂದಾಗ ದೊಡ್ಡ ಡೋಲಿನ ಹೊಡೆತಕ್ಕೆ ಕಿವಿ ನೋಯುತ್ತದೆ. ಇನ್ನು ಯೂಟ್ಯೂಬ್‌ನಲ್ಲಿ ಹುಡುಕುವಾಗ ಕೃತಿಯ ಹೆಸರಿನ ಜೊತೆ ‘ಕಂಪ್ಲೀಟ್’ ಎಂದು ಸೇರಿಸಿ. ಇಲ್ಲದಿದ್ದರೆ ಬರೀ ಜನಪ್ರಿಯ ತುಣುಕುಗಳೇ ಸಿಗುತ್ತವೆ.

ನಾಲ್ಕು ದನಿಯನ್ನು ಎದುರಿಗೇ ಕೇಳಬೇಕೆಂದರೆ ನಮ್ಮ ಊರಲ್ಲೇ ದಾರಿಯಿದೆ. ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು. ಅವರು ಕನ್ನಡದಲ್ಲಿ ಬರೆದ ಕೀರ್ತನೆಗಳಿಗೆ ಜರ್ಮನ್ ಧಾಟಿಗಳನ್ನು ಕೂಡಿಸಿದರು. ಆ ಪರಂಪರೆಯ ಚರ್ಚುಗಳು ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಯಲ್ಲಿ ಇಂದಿಗೂ ಇವೆ. ಕ್ರಿಸ್ಮಸ್ ಹೊತ್ತಿನ ಹಾಡಿನ ಆರಾಧನೆಗೆ ಬರಬಹುದೇ ಎಂದು ಮೊದಲು ಕೇಳಿ, ಹೋಗಿ ಹಿಂದಿನ ಬೆಂಚಿನಲ್ಲಿ ಕೂಡಿ. ಗಂಡಸರ ಕೆಳದನಿ ಬೇರೆ ಹೋಗುತ್ತಿದೆಯಾ ಎಂದು ಕಿವಿಗೊಡಿ. ಕನ್ನಡದ ಮಾತಿನಲ್ಲಿ ಈ ಹೆಣಿಗೆ ಕೇಳಿದರೆ ಬೇಗ ಅರ್ಥವಾಗುತ್ತದೆ.

4. ಟಿಕೆಟ್ ತೆಗೆಯಿರಿ

ಸೀಸನ್ ಟಿಕೆಟ್‌ಗೆ ಸಬ್‌ಸ್ಕ್ರಿಪ್ಷನ್ ಎನ್ನುತ್ತಾರೆ. ಹಲವು ಕಾರ್ಯಕ್ರಮಗಳಿಗೆ ಒಟ್ಟಿಗೆ ದುಡ್ಡು ಕಟ್ಟುವುದು. ಅದು ಮೊದಲು ಮಾರಾಟಕ್ಕೆ ಬರುತ್ತದೆ, ಬಿಡಿ ಟಿಕೆಟ್ ಆಮೇಲೆ. ನಿಮಗೆ ಬೇಕಿರುವುದು ಬಿಡಿ ಟಿಕೆಟ್, ಕಾಯಿರಿ.

ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಕಾಣುವ ಜಾಹೀರಾತುಗಳಲ್ಲಿ ಮರುಮಾರಾಟದವರು ಇರುತ್ತಾರೆ, ಬೆಲೆ ಎಷ್ಟೋ ಪಟ್ಟು ಹೆಚ್ಚು. ಆರ್ಕೆಸ್ಟ್ರಾದ ಸ್ವಂತ ವೆಬ್‌ಸೈಟ್‌ನಲ್ಲೇ ತೆಗೆಯಿರಿ. ಇಲ್ಲಿಂದ ಬುಕ್ ಮಾಡುವುದಾದರೆ ನಿಮ್ಮ ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಬಂದ್ ಇರಬಹುದು, ಬ್ಯಾಂಕ್ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿ. ಕೆಲಸ ಮುಗಿದ ಮೇಲೆ ಆಫ್ ಮಾಡುವುದನ್ನು ಮರೆಯಬೇಡಿ.

ಸೀಟಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಬೈಠಕ್ ಎಂದರೆ ಮುಂದಿನ ಸಾಲು ಹಿಡಿಯುವುದು ರೂಢಿ. ಇಲ್ಲಿ ಅದು ತಪ್ಪಾಗುತ್ತದೆ. ಕೋರಸ್ ನಿಲ್ಲುವುದು ವೇದಿಕೆಯ ಹಿಂಭಾಗದ ಎತ್ತರದ ಹಲಗೆಗಳ ಮೇಲೆ. ಮುಂದಿನ ಸಾಲಿನಲ್ಲಿ ಕೂತರೆ ವಯಲಿನ್‌ಗಳೇ ಕಿವಿ ತುಂಬುತ್ತವೆ, ಕೋರಸ್ ಕಾಣುವುದೂ ಇಲ್ಲ. ನಡುವಿನ ಸಾಲು ಅಥವಾ ಬಾಲ್ಕನಿಯ ಮುಂಭಾಗ ತಗೊಳ್ಳಿ. ಎಷ್ಟೋ ಕಡೆ ಬಾಲ್ಕನಿ ಅಗ್ಗವೂ ಹೌದು. ಮಂಡಿನೋವಿನ ಹಿರಿಯರಿದ್ದರೆ ಲಿಫ್ಟ್ ಇದೆಯಾ ಕೇಳಿ, ಓಣಿಯ ಪಕ್ಕದ ಸೀಟು ಹಿಡಿಯಿರಿ.

5. ಮುಂಬೈ, ಅಥವಾ ಮನೆಯಲ್ಲೇ ನೇರಪ್ರಸಾರ

ಮುಂಬೈಯ ನರಿಮನ್ ಪಾಯಿಂಟ್‌ನಲ್ಲಿರುವ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. 2006ರಲ್ಲಿ ಶುರುವಾದದ್ದು. ದೊಡ್ಡ ಕಾರ್ಯಕ್ರಮಗಳು ಜಮ್ಶೆಡ್ ಭಾಭಾ ಥಿಯೇಟರ್‌ನಲ್ಲಿ. ಇವರ ಸೀಸನ್ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಫೆಬ್ರವರಿ ಮತ್ತು ಸೆಪ್ಟೆಂಬರ್ ಸುಮಾರಿಗೆ. ಪ್ರತಿ ಸಲವೂ ಕೋರಸ್ ಕೃತಿ ಇರುತ್ತದೆ ಎಂದೇನಿಲ್ಲ, ಒಂದನೇ ಹಂತದಲ್ಲಿ ಹೇಳಿದಂತೆ ಹೆಸರಿನ ಸಾಲು ನೋಡಿಯೇ ಹೊರಡಿ.

ಹುಬ್ಬಳ್ಳಿ, ಧಾರವಾಡದವರಿಗೆ ದಾದರ್‌ಗೆ ರಾತ್ರಿ ಪ್ರಯಾಣದ ರೈಲಿದೆ. ಅಲ್ಲಿಂದ ಪಶ್ಚಿಮ ಮಾರ್ಗದ ಲೋಕಲ್‌ನಲ್ಲಿ ಚರ್ಚ್‌ಗೇಟ್, ಆಮೇಲೆ ಟ್ಯಾಕ್ಸಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಕಾರ್ಯಕ್ರಮದ ಟಿಕೆಟ್ ಕೈಗೆ ಬಂದ ಮೇಲೆಯೇ ರೈಲಿನದು ತೆಗೆಯಿರಿ. ಕಾರ್ಯಕ್ರಮದ ದಿನ ಬೆಳಿಗ್ಗೆ ಇಳಿದು ಅದೇ ಸಂಜೆ ಕೇಳುವ ಯೋಜನೆ ಬೇಡ. ರಾತ್ರಿ ನಿದ್ದೆಗೆಟ್ಟವರಿಗೆ ನಿಧಾನಗತಿಯ ಭಾಗ ಬಂದ ಕೂಡಲೇ ತೂಕಡಿಕೆ ಬರುತ್ತದೆ. ಒಂದು ದಿನ ಮೊದಲು ಹೋಗಿ.

ನೇರಪ್ರಸಾರದಲ್ಲಿ ಎಡವುವುದು ಸಮಯದ ಲೆಕ್ಕದಲ್ಲಿ. ಬರ್ಲಿನ್ ಫಿಲ್‌ಹಾರ್ಮೋನಿಕ್‌ನವರ ಡಿಜಿಟಲ್ ಕನ್ಸರ್ಟ್ ಹಾಲ್ ಎಂಬ ಹಣ ಕಟ್ಟಿ ನೋಡುವ ಸೇವೆಯಿದೆ. ಬರ್ಲಿನ್‌ನಲ್ಲಿ ಸಂಜೆ 7 ಎಂದರೆ ನಮಗೆ ಅವರ ಬೇಸಿಗೆ ಸಮಯದಲ್ಲಿ ರಾತ್ರಿ 10.30, ಚಳಿಗಾಲದಲ್ಲಿ 11.30. ನ್ಯೂಯಾರ್ಕ್, ಬಾಸ್ಟನ್ ಕಡೆ ಶನಿವಾರ ರಾತ್ರಿ 8 ಎಂದರೆ ನಮಗೆ ಭಾನುವಾರ ಬೆಳಿಗ್ಗೆ 5.30, ಚಳಿಗಾಲದಲ್ಲಿ 6.30. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ನವೆಂಬರ್‌ನ ಮೊದಲ ಭಾನುವಾರ. ಈ ವಾರಗಳ ಸುತ್ತಮುತ್ತ ಎರಡೆರಡು ಸಲ ಲೆಕ್ಕ ಹಾಕಿ. ರಾತ್ರಿ ನಿದ್ದೆಗೆಡಲು ಆಗದವರು ರೆಕಾರ್ಡಿಂಗ್ ಬರುವವರೆಗೆ ಕಾಯಬಹುದು, ಕಳೆದುಕೊಳ್ಳುವುದೇನೂ ಇಲ್ಲ.

6. ಸಭಾಂಗಣದಲ್ಲಿ

ಅರ್ಧ ಗಂಟೆ ಮೊದಲೇ ತಲುಪಿ. ಹುಬ್ಬಳ್ಳಿಯ ಸವಾಯಿ ಗಂಧರ್ವ ಕಲಾಮಂದಿರಕ್ಕೆ ಹಾಡಿನ ನಡುವೆ ಹೋದರೂ ಮೆಲ್ಲಗೆ ಬಾಗಿ ಒಳಗೆ ಸೇರಬಹುದು. ಸಿಂಫನಿ ಸಭಾಂಗಣದಲ್ಲಿ ಬಾಗಿಲು ಮುಚ್ಚಿದರೆ ಮುಚ್ಚಿದಂತೆ. ಮಧ್ಯೆ ವಿರಾಮವಿಲ್ಲದ ಕೃತಿಯಾದರೆ ಬಹಳ ಹೊತ್ತು ಹೊರಗೇ ನಿಲ್ಲಬೇಕಾಗುತ್ತದೆ. ವೆರ್ದಿ, ಬ್ರಾಮ್ಸ್ ರೆಕ್ವಿಯಮ್‌ಗಳನ್ನು ಬಹಳ ಕಡೆ ವಿರಾಮವಿಲ್ಲದೆ ಹಾಡುತ್ತಾರೆ. ಶೌಚಾಲಯಕ್ಕೆ ಮೊದಲೇ ಹೋಗಿ ಬನ್ನಿ.

ಬಟ್ಟೆಯ ಚಿಂತೆ ಬೇಡ. ಇಳಕಲ್ ಸೀರೆ, ಜುಬ್ಬಾ ಎಲ್ಲ ಚೆನ್ನಾಗಿಯೇ ಒಪ್ಪುತ್ತದೆ. ದಪ್ಪ ಕೋಟನ್ನು ಹೊರಗಿನ ಕೌಂಟರ್‌ನಲ್ಲಿ ಇಡಬಹುದು.

ಶುರುವಿನಲ್ಲಿ ಓಬೋ ಎಂಬ ಊದುವ ವಾದ್ಯ ಒಂದು ಸ್ವರ ಕೊಡುತ್ತದೆ, ಎಲ್ಲರೂ ಅದಕ್ಕೆ ಕೂಡಿಸಿಕೊಳ್ಳುತ್ತಾರೆ. ಇನ್ನೂ ಕಾರ್ಯಕ್ರಮ ಶುರುವಾಗಿಲ್ಲ ಎಂದು ಮಾತಾಡುತ್ತಾ ಕೂಡಬೇಡಿ. ಆ ಹೊತ್ತಿಗೆ ಸಭೆ ಸುಮ್ಮನಾಗಿಬಿಡುತ್ತದೆ.

‘ವಾಹ್’, ‘ಕ್ಯಾ ಬಾತ್ ಹೈ’ ಎಲ್ಲ ಮನಸ್ಸಿನಲ್ಲೇ ಇರಲಿ. ಧಾರವಾಡದ ಕೇಳುಗರಿಗೆ ಇದು ಕಷ್ಟ, ನನಗೆ ಗೊತ್ತು. ನಮ್ಮಲ್ಲಿ ದಾದ್ ಕೊಡದಿದ್ದರೆ ಗಾಯಕರಿಗೇ ಬೇಸರ. ಅಲ್ಲಿ ಬರೆದಿಟ್ಟಿದ್ದನ್ನು ನೂರಾರು ಜನ ಒಟ್ಟಿಗೆ ಹಾಡುತ್ತಿರುತ್ತಾರೆ, ನಡುವೆ ಒಂದು ದನಿ ಎದ್ದರೂ ಎಲ್ಲರಿಗೂ ಕೇಳುತ್ತದೆ. ಮೂವ್‌ಮೆಂಟ್‌ಗಳ ನಡುವೆಯೂ ಚಪ್ಪಾಳೆ ತಟ್ಟುವ ರೂಢಿ ಸಾಮಾನ್ಯವಾಗಿ ಇಲ್ಲ. ಕಂಡಕ್ಟರ್ ಕೈ ಕೆಳಗಿಳಿಸಿ ಸಭೆಯ ಕಡೆ ತಿರುಗುವವರೆಗೆ ಕಾಯಿರಿ. ‘ಹಲ್ಲೆಲೂಯ’ದಲ್ಲಿ ಕೊನೆಯ ಕೂಗಿಗೆ ಮೊದಲು ಎಲ್ಲರೂ ಏಕಾಏಕಿ ನಿಲ್ಲುತ್ತಾರೆ, ಪೂರ್ತಿ ಮೌನ. ಮುಗಿಯಿತು ಎಂದು ತಟ್ಟಿಬಿಡುವವರು ಇದ್ದೇ ಇರುತ್ತಾರೆ. ಮುಗಿದಿರುವುದಿಲ್ಲ, ನಿಧಾನವಾಗಿ ಇನ್ನೊಂದು ‘ಹಲ್ಲೆಲೂಯ’ ಬಾಕಿ ಇರುತ್ತದೆ. ಈ ಕೋರಸ್‌ಗೆ ಸಭೆ ಎದ್ದು ನಿಲ್ಲುವ ಪದ್ಧತಿಯೂ ಹಲವು ಕಡೆ ಇದೆ. ಅಕ್ಕಪಕ್ಕದವರು ಎದ್ದರೆ ನೀವೂ ಏಳಿ.

ಕೆಮ್ಮಿದ್ದರೆ ಪೆಪ್ಪರ್‌ಮಿಂಟ್‌ನ ಕಾಗದ ಮೊದಲೇ ಬಿಚ್ಚಿಟ್ಟುಕೊಳ್ಳಿ. ಆ ಸದ್ದು ಕೆಮ್ಮಿಗಿಂತ ಜಾಸ್ತಿ ಕಿರಿಕಿರಿ.

ಕೋರಸ್ ಹಾಡುವಾಗ ಒಂದು ಕೆಲಸ ಮಾಡಿ. ಬಾಸ್‌ಗಳು ಎಲ್ಲಿ ನಿಂತಿದ್ದಾರೆ ಕಣ್ಣಲ್ಲಿ ಗುರುತಿಸಿ. ಬಾಯಿ ತೆರೆಯುವುದನ್ನು ನೋಡಿದರೆ ಆ ದನಿಯನ್ನು ಕಿವಿ ತಾನಾಗಿಯೇ ಹಿಡಿಯುತ್ತದೆ. ರೆಕಾರ್ಡಿಂಗ್‌ನಲ್ಲಿ ಸಿಗದ ದನಿ ಎದುರಿಗೆ ಸಿಗುವುದು ಹೀಗೆ.

7. ತಾವೇ ಹಾಡಬೇಕೆನ್ನುವವರಿಗೆ

ಹೊರದೇಶದಲ್ಲಿ ನೆಲೆಸಿದ ನಮ್ಮ ಕಡೆಯ ಹುಡುಗ-ಹುಡುಗಿಯರೂ ಇದನ್ನು ಕೇಳುತ್ತಾರೆ: ಹಿಂದೂಸ್ತಾನಿ ಕಲಿತಿದ್ದೇವೆ, ಸಿಂಫನಿ ಕೋರಸ್ ಸೇರಬಹುದಾ? ಸೇರಬಹುದು. ಆಡಿಷನ್ ಬಹಳ ಕಡೆ ಸೀಸನ್ ಶುರುವಾಗುವ ಮೊದಲು ನಡೆಯುತ್ತದೆ, ದಿನಾಂಕ ಕೋರಸ್‌ನ ಪುಟದಲ್ಲೇ ಇರುತ್ತದೆ. ಸಾಮಾನ್ಯವಾಗಿ ಒಂದು ಹಾಡು ಹಾಡಿಸುತ್ತಾರೆ, ದನಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡುತ್ತಾರೆ, ಪಿಯಾನೊದಲ್ಲಿ ನುಡಿಸಿದ ಸ್ವರಗಳನ್ನು ನೆನಪಿಟ್ಟು ಹಾಡಲು ಹೇಳುತ್ತಾರೆ, ಹೊಸ ನೋಟೇಶನ್ ಕೊಟ್ಟು ನೋಡಿಕೊಂಡು ಹಾಡಿಸುತ್ತಾರೆ.

ಸರಗಮ್ ಪಳಗಿದವರಿಗೆ ನೆನಪಿನ ಪರೀಕ್ಷೆ ಸುಲಭ. ಕಷ್ಟವಾಗುವುದು ಎರಡು. ಒಂದು, ಐದು ಗೆರೆಯ ನೋಟೇಶನ್. ಅದನ್ನು ಕಲಿಯದೆ ಗತ್ಯಂತರವಿಲ್ಲ, ಆರು ತಿಂಗಳು ಮೊದಲೇ ಶುರು ಮಾಡಿ. ಎರಡು, ಮೀಂಡ್ ಮತ್ತು ಗಮಕ. ಸ್ವರದಿಂದ ಸ್ವರಕ್ಕೆ ಜಾರಿಸುವುದು ನಮಗೆ ಉಸಿರಿನಷ್ಟು ಸಹಜ. ಕೋರಸ್‌ನಲ್ಲಿ ಮೂವತ್ತು ಆಲ್ಟೊಗಳು ಒಂದೇ ಹೊತ್ತಿಗೆ ಒಂದು ಸ್ವರಕ್ಕೆ ನೇರವಾಗಿ ಇಳಿಯಬೇಕು. ಒಬ್ಬರು ಜಾರಿಸಿದರೂ ಇಡೀ ಸಾಲು ಕೆಸರಾಗುತ್ತದೆ. ಪಿಯಾನೊ ಆ್ಯಪ್ ಹಾಕಿಕೊಂಡು ಸ್ವರವನ್ನು ನೆಟ್ಟಗೆ ಹಚ್ಚುವ ಅಭ್ಯಾಸ ಮಾಡಿ. ತಾಲೀಮಿಗೆ ಪೆನ್ನು ಒಯ್ಯಬೇಡಿ, ಪೆನ್ಸಿಲ್ ಒಯ್ಯಿರಿ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ಕೋರಸ್ ಡೈರೆಕ್ಟರ್ ವಾರವಾರವೂ ಬದಲಿಸುತ್ತಾರೆ.